ನಾಟಿ ಮಾಡಿದ ಗೋಡೆ

ಹೊಳೆದಂಡೆಯ ಆಶ್ರಮದಲ್ಲಿ ಆ ಮುಂಗಾರಿನಲ್ಲಿ ಒಂದು ಘೋರ ಅನ್ಯಾಯ ನಡೆಯಿತು. ಹುಲುಗಪ್ಪನ ಕಲ್ಲು ಸತತವಾಗಿ ನಾಲ್ಕು ದಿನ ಬಿತ್ತು.

ಜೀವಹಾನಿಯೇನೂ ಆಗಲಿಲ್ಲ. ಹುಲುಗಪ್ಪ ನಾಲ್ಕು ದಿನ ಹೊಳೆ ದಾಟಿ ಆಚೆ ಊರಿನಲ್ಲಿ ಭಿಕ್ಷೆ ಎತ್ತಿ ತಂದ, ಅಷ್ಟೆ. ಆದರೆ ನಾಲ್ಕನೆಯ ದಿನ ಅವನು ಎರಡೇ ರೊಟ್ಟಿ ತಿಂದು ಎದ್ದ. ಆರು ತಿನ್ನುವವನು. ಆಶ್ರಮ ತಲ್ಲಣಿಸಿತು.

ಅಲ್ಲಿ ಶಿಷ್ಯರು ಏಳು ಜನ. ದಿನಕ್ಕೊಬ್ಬ ಜೋಳಿಗೆ ಹೊತ್ತು ಹೊಳೆ ದಾಟಬೇಕು. ಬೇಸಿಗೆಯಲ್ಲಿ ನಡೆದೇ ದಾಟಬಹುದು, ಮಳೆಗಾಲದಲ್ಲಿ ಹರಿಗೋಲು. ಯಾರು ಹೋಗಬೇಕೆಂದು ಗುರುಗಳು ಹೇಳುತ್ತಿರಲಿಲ್ಲ. ಒಂದು ಹೂಜಿ ಹೇಳುತ್ತಿತ್ತು.

ಕತ್ತು ಕಿರಿದಾದ ಮಣ್ಣಿನ ಹೂಜಿ. ಅದರೊಳಗೆ ಅಡಿಕೆ ಗಾತ್ರದ ಏಳು ಹೊಳೆಗಲ್ಲು. ಪ್ರತಿ ಕಲ್ಲಿನ ಮೇಲೂ ಒಬ್ಬೊಬ್ಬನ ಗುರುತು. ಅಂಬಿಗರ ಮನೆಯಿಂದ ಬಂದ ಹುಲುಗಪ್ಪನಿಗೆ ಮೀನು. ಮಗ್ಗ ಬಿಟ್ಟು ಬಂದ ಸಣ್ಣೀರಪ್ಪನಿಗೆ ಲಾಳಿ. ಹೂಜಿ ಕಾಯುವ ಗವಿಯಪ್ಪನಿಗೆ ಅರ್ಧಚಂದ್ರ.

ಮುಂಜಾನೆ ಗವಿಯಪ್ಪ ಒಳಕೋಣೆಯಲ್ಲಿ ಒಬ್ಬನೇ ಕೂತು ಹೂಜಿಯನ್ನು ಕುಲುಕಿ ಬಗ್ಗಿಸುತ್ತಿದ್ದ. ಮೊದಲು ಬಿದ್ದ ಕಲ್ಲಿನವನು ಅಂದು ಹೊರಡಬೇಕು. ಆ ಗುರುತನ್ನು ಕೆಮ್ಮಣ್ಣಿನಲ್ಲಿ ಗೋಡೆಯ ಮೇಲೆ ಬರೆದು ಕಲ್ಲನ್ನು ಮತ್ತೆ ಹೂಜಿಗೆ ಹಾಕಬೇಕು. ಆ ಗೋಡೆಯ ಮೇಲೆ ವರ್ಷಗಳ ಗುರುತುಗಳಿದ್ದವು.

"ನಾಲ್ಕು ದಿನ!" ಎಂದ ಹುಲುಗಪ್ಪ. "ಹೂಜಿಗೆ ನನ್ನ ಮೇಲೆ ಏನು ಸೇಡು?"

"ಸೇಡಲ್ಲ, ಪ್ರೀತಿ," ಎಂದ ಸಣ್ಣೀರಪ್ಪ. "ಆಚೆ ದಂಡೆಯಲ್ಲಿ ನಿನಗೆ ಹೆಣ್ಣು ನೋಡಿದೆ ಅದು."

"ನಿನಗೇನಪ್ಪ. ಕೂತು ಉಣ್ತೀಯ."

"ಗವಿಯಣ್ಣ, ಹೂಜಿ ಸರಿಯಾಗಿ ಕುಲುಕ್ತೀಯೋ ಇಲ್ಲೋ?" ಎಂದ ಇನ್ನೊಬ್ಬ.

ಗವಿಯಪ್ಪ ಸರಿಯಾಗಿಯೇ ಕುಲುಕಿದ್ದ. ಆದರೂ ಅವನಿಗೆ ನಾಚಿಕೆಯಾಯಿತು. ನಾಲ್ಕು ಮೀನು ಸಾಲಾಗಿ ನಿಂತ ಗೋಡೆಯನ್ನು ನೋಡಿದರೆ ಯಾರಿಗಾದರೂ ಮೋಸವೆನಿಸುತ್ತದೆ. ಅವನಿಗೇ ಅನಿಸಿತು.

ಐದನೆಯ ಮುಂಜಾನೆ ಹೂಜಿ ಬಗ್ಗಿಸಿದ. ಬೇರೆ ಯಾರದೋ ಕಲ್ಲು ಬಿತ್ತು. ಬದುಕಿದೆ ಎಂದುಕೊಂಡ. ಆರನೆಯ ಮುಂಜಾನೆ ಮತ್ತೆ ಅದೇ ಕಲ್ಲು.

ಅವನು ಬಾಗಿಲ ಕಡೆ ನೋಡಿದ. ಕಲ್ಲನ್ನು ಒಳಗೆ ಹಾಕಿ ಇನ್ನೊಮ್ಮೆ ಬಗ್ಗಿಸಿದ.

ಪಾಪವೆನಿಸಲಿಲ್ಲ. ಉಪಕಾರವೆನಿಸಿತು.

ಕೆಲವು ದಿನಗಳಲ್ಲಿ ಬಗ್ಗಿಸುವುದೂ ಹೆಸರಿಗಷ್ಟೇ ಉಳಿಯಿತು. ಗವಿಯಪ್ಪ ಗೋಡೆ ನೋಡಿ, ಯಾರು ಹೋಗಿ ಬಹಳ ದಿನವಾಯಿತೆಂದು ಲೆಕ್ಕ ಹಾಕಿ, ಒಬ್ಬನ ಗುರುತು ಬರೆಯತೊಡಗಿದ. ಸರದಿಯಂತೆ ಕಾಣಬಾರದೆಂದು ಒಬ್ಬನಿಗೆ ನಾಲ್ಕು ದಿನ ಬಿಡುವು ಕೊಟ್ಟರೆ ಇನ್ನೊಬ್ಬನಿಗೆ ಒಂಬತ್ತು ದಿನ ಕೊಟ್ಟ. ತನಗೆ ಮಾತ್ರ ಯಾವ ರಿಯಾಯಿತಿಯನ್ನೂ ಕೊಟ್ಟುಕೊಳ್ಳಲಿಲ್ಲ. ಅದು ದಣಿಸುವ ಕೆಲಸವಾಗಿತ್ತು. ಯಾರೂ ಯೋಚಿಸಿಲ್ಲವೆಂದು ತೋರುವಂತೆ ದಿನವೂ ಯೋಚಿಸಬೇಕಿತ್ತು.

ಗೊಣಗಾಟ ನಿಂತಿತು.

"ಹೂಜಿಗೆ ಬುದ್ಧಿ ಬಂದಿದೆ," ಎಂದ ಹುಲುಗಪ್ಪ. ಆರು ರೊಟ್ಟಿ ತಿಂದ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಗುರುಗಳು ಒಳಕೋಣೆಗೆ ಬಂದರು. ಅವರನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಗೋಡೆಯ ಮುಂದೆ ಬಹಳ ಹೊತ್ತು ನಿಂತರು.

"ಗವಿಯಪ್ಪ, ನಿಮ್ಮದು ಗದ್ದೆ ಸೀಮೆ ಅಲ್ಲವಾ?"

"ಹೌದು ಅಜ್ಜಾರೆ."

"ನಿಮ್ಮಲ್ಲಿ ಭತ್ತ ಚೆಲ್ತಾರೋ, ನಾಟಿ ಮಾಡ್ತಾರೋ?"

"ನಾಟಿ ಅಜ್ಜಾರೆ. ಗೇಣಿಗೊಂದು ಪೈರು. ಸಣ್ಣವನಿದ್ದಾಗಿನಿಂದ ನಾಟಿ ಮಾಡಿದ ಕೈ ಇದು."

"ಗೋಡೆ ಚೆನ್ನಾಗಿ ಕಾಣ್ತದೆ," ಎಂದು ಅಜ್ಜಯ್ಯ ಹೊರಗೆ ನಡೆದರು.

ಗವಿಯಪ್ಪ ಅದನ್ನು ಹೊಗಳಿಕೆ ಎಂದುಕೊಂಡ.

ಉತ್ತರೆ ಮಳೆ ಹಿಡಿಯಿತು. ಹೊಳೆ ಕೆಂಪಾಗಿ, ಹಿಂದಿನ ದಿನಕ್ಕಿಂತ ಒಂದು ಮೊಳ ಏರಿತ್ತು. ಅಂದು ಏಕೋ ಗವಿಯಪ್ಪ ಹೂಜಿಯನ್ನು ನಿಜವಾಗಿಯೂ ಕುಲುಕಿ ಬಗ್ಗಿಸಿದ.

ಮೀನು ಬಿತ್ತು. ಹುಲುಗಪ್ಪ ಹಿಂದಿನ ದಿನವಷ್ಟೇ ಹೋಗಿ ಬಂದಿದ್ದ.

ಗವಿಯಪ್ಪ ಗೋಡೆ ನೋಡಿದ. ಲಾಳಿಯ ಗುರುತು ಬಿದ್ದು ಹನ್ನೊಂದು ದಿನವಾಗಿತ್ತು. ಬರಲೇಬೇಕಾದದ್ದು ಅದು. ಮೀನನ್ನು ಹೂಜಿಗೆ ಹಾಕಿ, ಗೋಡೆಯ ಮೇಲೆ ಲಾಳಿ ಬರೆದ.

"ಸಣ್ಣೀರಣ್ಣ, ನಿನ್ನದು."

"ಹನ್ನೊಂದು ದಿನ ಕೂತು ಉಂಡೆ. ಕಲ್ಲಿಗೂ ಹೊಟ್ಟೆಕಿಚ್ಚು ನೋಡು," ಎಂದು ಸಣ್ಣೀರಪ್ಪ ಜೋಳಿಗೆ ಹೆಗಲಿಗೇರಿಸಿದ.

"ನೀರು ಜೋರಿದೆ," ಎಂದ ಹುಲುಗಪ್ಪ. "ನಡುಹೊಳೆಯ ಬಂಡೆಯ ಬಲಕ್ಕೆ ಹೋಗಬೇಡ, ಸುಳಿ ಇರ್ತದೆ. ಎಡಕ್ಕೆ ಹಿಡಿ."

"ಆಗಲಿ ಗುರುವೇ. ನಾನು ನೇಕಾರ. ನೀರು ಅಂದ್ರೆ ನೂಲಿಗೆ ಗಂಜಿ ಹಾಕೋಕೆ ಅಂತಷ್ಟೇ ಗೊತ್ತು."

ಎಲ್ಲರೂ ನಕ್ಕರು. ಅವನು ಜಗಲಿಯಲ್ಲಿದ್ದ ಗುರುಗಳ ಕಾಲು ಮುಟ್ಟಿದ.

"ಬರ್ತೀನಿ ಅಜ್ಜಾರೆ."

"ಬಾ," ಎಂದರು ಅಜ್ಜಯ್ಯ.

ಹರಿಗೋಲು ಮಧ್ಯಾಹ್ನ ತಿರುವಿನ ಮುಳ್ಳುಪೊದೆಯಲ್ಲಿ ಸಿಕ್ಕಿತು. ಸಣ್ಣೀರಪ್ಪ ಮೂರನೆಯ ದಿನ ಎರಡು ಊರು ಕೆಳಗೆ ಸಿಕ್ಕಿದ. ಜೋಳಿಗೆ ಹೆಗಲಲ್ಲೇ ಇತ್ತು.

ಮಣ್ಣು ಮಾಡಿ ಬಂದರು. ಸ್ನಾನ ಮಾಡಿ ಜಗಲಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಒಬ್ಬ ಹೇಳಿದ: "ಕಲ್ಲು ಬಿತ್ತು. ಯಾರೇನು ಮಾಡೋಕಾಗ್ತದೆ?"

"ಯಾರೇನು ಮಾಡೋಕಾಗ್ತದೆ," ಎಂದರು ಉಳಿದವರು. ಆ ಮಾತು ಅವರ ಅಳುವಿಗೆ ಒರಗಿಕೊಳ್ಳಲು ಒಂದು ಗೋಡೆಯಂತಿತ್ತು.

ಹುಲುಗಪ್ಪ ಮಾತ್ರ ಮೊಣಕಾಲ ನಡುವೆ ತಲೆಯಿಟ್ಟು ಅಳುತ್ತಿದ್ದ. "ನಂದಾದರೂ ಬೀಳಬಾರದಿತ್ತಾ ಆ ಕಲ್ಲು? ನಾನು ಈಜಿ ಬರ್ತಿದ್ದೆ. ಒಂದೇ ಒಂದು ದಿನ ನಂದು ಬೀಳಬಾರದಿತ್ತಾ?"

ಗವಿಯಪ್ಪ ಎದ್ದು ಹೋದ.

ಅಜ್ಜಯ್ಯ ಒಳಕೋಣೆಯಲ್ಲಿ ಗೋಡೆಯ ಮುಂದೆ ಕೂತಿದ್ದರು. ಗವಿಯಪ್ಪ ಅವರ ಕಾಲ ಬಳಿ ಬಿದ್ದ.

"ಅಜ್ಜಾರೆ, ಕಲ್ಲು..."

"ಗೊತ್ತು."

"ಅವತ್ತು ಬಿದ್ದದ್ದು ಹುಲುಗಪ್ಪನ ಕಲ್ಲು."

ಅಜ್ಜಯ್ಯ ಕಣ್ಣು ಮುಚ್ಚಿದರು. "ಅದು ಗೊತ್ತಿರಲಿಲ್ಲ."



"ಮತ್ತೆ ಏನು ಗೊತ್ತಿತ್ತು ಅಜ್ಜಾರೆ?"

ಅಜ್ಜಯ್ಯ ಗೋಡೆಗೆ ಬೆರಳು ತೋರಿಸಿದರು. "ಎಂಬತ್ತೆಂಟು ದಿನ. ಏಳು ಕಲ್ಲು. ಇಷ್ಟು ದಿನದಲ್ಲಿ ಹತ್ತು ಸಲವಾದರೂ ನಿನ್ನೆಯವನೇ ಇವತ್ತೂ ಹೋಗಬೇಕು. ಮೇಲಿನ ಸಾಲು ನೋಡು, ಹಳೆಯದು. ಇಲ್ಲಿ ಮೂರು ಮೀನು. ಇಲ್ಲಿ ಎರಡು ಚಂದ್ರ. ಇಲ್ಲಿ ಒಂದು ತಿಂಗಳು ಲಾಳಿಯೇ ಇಲ್ಲ. ಕೆಳಗೆ ನೋಡು. ಒಂದೇ ಒಂದು ಜೋಡಿ ಇಲ್ಲ. ಗೇಣಿಗೊಂದು ಪೈರು. ಇದು ಚೆಲ್ಲಿದ್ದಲ್ಲ ಗವಿಯಪ್ಪ. ನಾಟಿ ಮಾಡಿದ್ದು."

"ಶ್ರಾವಣದಲ್ಲಿ ಅದನ್ನೇ ಕೇಳಿದಿರಾ?"

"ಅದನ್ನೇ."

"ಬಿಡಿಸಿ ಹೇಳಬಾರದಿತ್ತಾ ಅಜ್ಜಾರೆ?"

"ಹೇಳಬಹುದಿತ್ತು. ಗೊಣಗಾಟ ನಿಂತಿತ್ತು. ನನಗೂ ಸುಖವಾಗಿತ್ತು."

ಗವಿಯಪ್ಪ ತಲೆಯೆತ್ತಿ ನೋಡಿದ. ಗುರುಗಳ ಮುಖ ನೆಲ ನೋಡುತ್ತಿತ್ತು.

"ನಾನು ಅನ್ಯಾಯ ಆಗಬಾರದು ಅಂತ ಮಾಡಿದೆ. ಒಬ್ಬನ ಮೇಲೇ ಭಾರ ಬೀಳಬಾರದು ಅಂತ."

"ನ್ಯಾಯಕ್ಕೆ ಹೂಜಿ ಯಾಕೆ ಬೇಕು? ಸರದಿ ಸಾಕು. ಸೋಮವಾರ ನೀನು, ಮಂಗಳವಾರ ಅವನು."

"ಹಾಗಾದರೆ ಹೂಜಿ ಯಾಕೆ ಇಟ್ಟಿರಿ?"

ಅಜ್ಜಯ್ಯ ಹೂಜಿಯನ್ನು ತೊಡೆಯ ಮೇಲೆ ತೆಗೆದುಕೊಂಡರು.

"ಇದಕ್ಕೂ ಮೊದಲು ಇಲ್ಲಿ ಸರದಿಯೇ ಇತ್ತು. ಒಬ್ಬ ಇದ್ದ, ಕರಿಸಿದ್ದ ಅಂತ. ಅವನ ಸರದಿಯ ದಿನ ಜ್ವರ ಅಂದ. ಹಿಂದಿನ ವಾರವೂ ಜ್ವರ ಅಂದಿದ್ದ. ನೆಪ ಅಂದುಕೊಂಡೆ. ಹೋಗು ಅಂದೆ."

"ಆಮೇಲೆ?"

"ಹೋದ."

ಹೊರಗೆ ಮಳೆಯ ಸದ್ದು ಕೇಳುತ್ತಿತ್ತು.

"ಹೋಗು ಅನ್ನೋ ಮಾತು ಆವತ್ತಿನಿಂದ ನನ್ನ ಬಾಯಲ್ಲಿ ಬಂದಿಲ್ಲ. ನಾಯಿಗೂ ಹೇಳೋದಿಲ್ಲ. ನೀವೆಲ್ಲ ನಗ್ತೀರಿ, ಅಜ್ಜಯ್ಯ ನಾಯಿಯನ್ನೂ ಓಡಿಸೋದಿಲ್ಲ ಅಂತ. ಹೊಳೆ ಹೊಳೆಯೇ. ಯಾವತ್ತೋ ಒಬ್ಬನನ್ನು ಕೇಳ್ತದೆ. ಕಳಿಸಿದ್ದು ಯಾರ ಕೈಯೂ ಆಗಬಾರದು ಅಂತ ಹೂಜಿ ಇಟ್ಟೆ. ಅದಕ್ಕೆ ನಿನ್ನೆ ಗೊತ್ತಿಲ್ಲ, ನಾಳೆ ಗೊತ್ತಿಲ್ಲ, ನೀವು ಯಾರಂತಲೂ ಗೊತ್ತಿಲ್ಲ. ಇಷ್ಟು ಅಜ್ಞಾನ ಇರೋದು ಬೇರೆ ಸಿಗಲಿಲ್ಲ."

ಗವಿಯಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕೆಮ್ಮಣ್ಣಿತ್ತು.

"ಎಲ್ಲರ ಮುಂದೆ ಹೇಳಿಬಿಡ್ತೀನಿ ಅಜ್ಜಾರೆ."

"ಏನಂತ?"

"ಹುಲುಗಪ್ಪನ ಕಲ್ಲು ಬಿದ್ದಿತ್ತು, ನಾನು ಬದಲಾಯಿಸಿದೆ ಅಂತ."

"ಹೇಳಿದರೆ ನಿನ್ನ ಭಾರ ಇಳೀತದೆ. ಯಾರ ಮೇಲೆ ಇಳೀತದೆ ಅಂತ ನೋಡಿಕೋ."

ಜಗಲಿಯಿಂದ ಹುಲುಗಪ್ಪನ ಅಳು ಇನ್ನೂ ಕೇಳುತ್ತಿತ್ತು. ಗವಿಯಪ್ಪ ಕಿವಿಗೊಟ್ಟ. ಹೇಳುವ ಮಾತನ್ನು ನುಂಗಿದ.

"ಹಾಗಾದರೆ ನಾನೇನು ಮಾಡಲಿ? ದಿನವೂ ನಾನೇ ಹೊಳೆ ದಾಟಲಾ? ಸಾಯುವವರೆಗೂ?"

"ಅದೂ ನಾಟಿಯೇ."

ಅಜ್ಜಯ್ಯ ಹೂಜಿಯಿಂದ ಲಾಳಿಯ ಕಲ್ಲನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟರು. ಹೂಜಿಯನ್ನು ಗವಿಯಪ್ಪನ ಕೈಗೆ ಕೊಟ್ಟರು.

"ನಾಳೆ ಬಗ್ಗಿಸು. ಬಿದ್ದದ್ದನ್ನು ಬರೆ."

ಗವಿಯಪ್ಪ ಬಗ್ಗಿಸಿದ, ಬಿದ್ದದ್ದನ್ನು ಬರೆದ.

ತನ್ನ ಅರ್ಧಚಂದ್ರವೇ ಬೀಳಲಿ ಎಂದು ಪ್ರತಿ ಮುಂಜಾನೆ ಬೇಡಿಕೊಂಡ. ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು, ಬಂಡೆಯ ಬಲಕ್ಕೆ ಸುಳಿಯೂ ಇತ್ತು. ತಾನು ಎಲ್ಲಿಗೆ ಹೋಗಬೇಕೆಂದು ಅವನಿಗೆ ಗೊತ್ತಿತ್ತು.

ಅರ್ಧಚಂದ್ರ ಬೀಳಲಿಲ್ಲ.

ಮೀನು ಬಿತ್ತು. ಮರುದಿನ ಮತ್ತೆ ಮೀನು. ಮೂರನೆಯ ದಿನ ಮತ್ತೆ ಮೀನು. ಹುಲುಗಪ್ಪ ಮೂರು ದಿನವೂ ಮಾತಿಲ್ಲದೆ ಹೋದ. ಆಮೇಲೆ ಬೇರೆಯವರ ಗುರುತುಗಳು, ಎರಡೆರಡು ಸಲ, ಹೇಗೆಂದರೆ ಹಾಗೆ. ಹತ್ತು ದಿನವಾಯಿತು. ಹನ್ನೆರಡು ದಿನವಾಯಿತು. ಅರ್ಧಚಂದ್ರ ಹೂಜಿಯ ಒಳಗೇ ಕೂತಿತ್ತು.

ಈಗ ಉಳಿದವರು ಗೋಡೆ ನೋಡಲಾರಂಭಿಸಿದರು.

"ಹೂಜಿ ಹಿಡಿದವನದು ಮಾತ್ರ ಬೀಳೋದಿಲ್ಲ," ಎಂದ ಒಬ್ಬ ರೊಟ್ಟಿ ಮುರಿಯುತ್ತ.

"ಬೀಳೋದು ಹೇಗೆ? ಒಳಗಿದ್ದರೆ ತಾನೇ?"

ಹೂಜಿ ತಂದು ಎಲ್ಲರೆದುರು ಸುರಿದರು. ಆರು ಕಲ್ಲಿದ್ದವು. ಅರ್ಧಚಂದ್ರವೂ ಇತ್ತು.

"ಹಾಗಾದರೆ ಕೈಚಳಕ," ಎಂದ ಹುಲುಗಪ್ಪ. ಅವನ ದನಿ ಹಳೆಯ ಗೊಣಗಾಟದ್ದಲ್ಲ. "ನೀರಿಗೆ ಹೆದರಿದ್ದೀಯ ನೀನು. ಸಣ್ಣೀರಣ್ಣ ಹೋದ ಮೇಲೆ ನಿನ್ನ ಕಲ್ಲು ಒಂದು ದಿನವೂ ಬಿದ್ದಿಲ್ಲ. ಅವನಿಗೆ ಈಜು ಬರ್ತಿರಲಿಲ್ಲ, ಆದರೂ ಹೆದರಲಿಲ್ಲ. ನಗ್ತಾ ಹೋದ. ನಿನಗೆ ನಾಚಿಕೆ ಆಗೋದಿಲ್ಲವಾ ಗವಿಯಣ್ಣ?"

ಗವಿಯಪ್ಪನ ಬಾಯಿಗೆ ಮಾತು ಬಂತು. ಹುಲುಗಪ್ಪನ ಕೆಂಪು ಕಣ್ಣು ನೋಡಿದ. ಮಾತು ಹಿಂದಕ್ಕೆ ಹೋಯಿತು.

"ಆಗ್ತದೆ," ಎಂದ.

ಅವನನ್ನು ಗುರುಗಳ ಮುಂದೆ ನಿಲ್ಲಿಸಿದರು.

"ಅಜ್ಜಾರೆ, ನೀವೇ ಗೋಡೆ ನೋಡಿ," ಎಂದ ಹುಲುಗಪ್ಪ. "ಮೊದಲು ಎಷ್ಟು ಸರಿಯಾಗಿತ್ತು. ಮೂರು ತಿಂಗಳು ಒಂದು ತಕರಾರಿಲ್ಲ. ಎಲ್ಲರಿಗೂ ಸಮ. ಈಗ ನೋಡಿ, ನನ್ನದು ಮೂರು ಸಲ ಸಾಲಾಗಿ, ಇವನದು ಒಂದೂ ಇಲ್ಲ. ಮೋಸ ಅನ್ನೋದು ಕಣ್ಣಿಗೆ ಹೊಡೀತದೆ."

ಅಜ್ಜಯ್ಯ ಗೋಡೆ ನೋಡಿದರು. ಗವಿಯಪ್ಪನನ್ನು ನೋಡಲಿಲ್ಲ.

"ಮೋಸ ಇಲ್ಲ," ಎಂದರು.

ಗುರುಗಳು ಅವನನ್ನು ಕಾಪಾಡುತ್ತಿದ್ದಾರೆ ಎಂದು ಎಲ್ಲರಿಗೂ ಖಾತ್ರಿಯಾಯಿತು.

ಮರುದಿನದಿಂದ ಹೂಜಿ ಜಗಲಿಗೆ ಬಂತು. ಎಲ್ಲರೆದುರು ಹುಲುಗಪ್ಪನೇ ಬಗ್ಗಿಸಿದ. ಆಗಲೂ ಅರ್ಧಚಂದ್ರ ಬೀಳಲಿಲ್ಲ. ಹದಿನೇಳನೆಯ ದಿನ ಬೀಳಲಿಲ್ಲ. ಹತ್ತೊಂಬತ್ತನೆಯ ದಿನ ಬೀಳಲಿಲ್ಲ. ಇವನು ಕಲ್ಲಿಗೆ ಏನೋ ಮಂತ್ರ ಮಾಡಿಸಿದ್ದಾನೆ ಎಂದು ತೀರ್ಮಾನವಾಯಿತು. ಮೋಸ ಮಾಡಿದ ಎಂಬತ್ತೆಂಟು ದಿನ ಯಾರೂ ಅನುಮಾನಿಸದ ಗವಿಯಪ್ಪನಿಗೆ ಈಗ ಯಾರೂ ರೊಟ್ಟಿಯ ಪಕ್ಕ ಚಟ್ನಿ ಹಾಕುತ್ತಿರಲಿಲ್ಲ.

ಮಳೆ ನಿಂತಿತು. ಹೊಳೆ ದಿನಕ್ಕೆ ಒಂದೊಂದು ಗೇಣು ಇಳಿಯಿತು. ಗವಿಯಪ್ಪ ದಂಡೆಯಲ್ಲಿ ಕೂತು ಅದು ಇಳಿಯುವುದನ್ನೇ ನೋಡುತ್ತಿದ್ದ. ಬಂಡೆಯ ಬುಡ ಕಂಡಿತು. ಸುಳಿಯ ಜಾಗದಲ್ಲಿ ಮರಳು ಎದ್ದಿತು. ಹರಿಗೋಲನ್ನು ಮೇಲಕ್ಕೆಳೆದು ಮಗುಚಿಹಾಕಿದರು.

ಇಪ್ಪತ್ತೊಂದನೆಯ ದಿನ ಅವನು ಗುರುಗಳ ಬಳಿ ಬಂದ.

"ಅಜ್ಜಾರೆ, ಕಲ್ಲು ಕೂಡ ನನ್ನನ್ನು ಬೇಡ ಅಂತಿದೆ."

"ಕಲ್ಲು ಏನೂ ಅನ್ನೋದಿಲ್ಲ."

"ಶಿಕ್ಷೆ ಕೊಡ್ತಿದೆ ಅದು. ನೀರು ಇಳಿಯಲಿ ಅಂತ ಕಾಯ್ತಿದೆ."

"ಅದಕ್ಕೆ ನೀನು ಯಾರಂತ ಗೊತ್ತಿಲ್ಲ ಗವಿಯಪ್ಪ."

"ಅದೇ ತಡೆಯೋಕಾಗೋದಿಲ್ಲ ಅಜ್ಜಾರೆ. ಕ್ಷಮಿಸೋದೂ ಇಲ್ಲ, ಕೊಲ್ಲೋದೂ ಇಲ್ಲ. ಏನಾದರೂ ಒಂದು ಹೇಳಬಾರದಾ ಅದು?"

ಅಜ್ಜಯ್ಯ ತಮ್ಮ ಪಕ್ಕದಲ್ಲಿ ಜಾಗ ತೋರಿಸಿದರು. ಗವಿಯಪ್ಪ ಕೂತ.

"ಕರಿಸಿದ್ದ ಹೋದ ಮೇಲೆ," ಎಂದರು ಅಜ್ಜಯ್ಯ, "ನಾನೂ ಹನ್ನೊಂದು ವರ್ಷ ಕೇಳಿದೆ."

"ಏನು ಹೇಳಿತು?"

ಅಜ್ಜಯ್ಯ ಹೊಳೆ ನೋಡುತ್ತ ಕೂತರು. ಗವಿಯಪ್ಪನೂ ನೋಡುತ್ತ ಕೂತ. ಅಡುಗೆಮನೆಯಿಂದ ಊಟಕ್ಕೆ ಕರೆ ಬಂತು. ಇಬ್ಬರೂ ತಕ್ಷಣ ಏಳಲಿಲ್ಲ.

ಇಪ್ಪತ್ತನಾಲ್ಕನೆಯ ದಿನ ಹುಲುಗಪ್ಪ ಹೂಜಿ ಬಗ್ಗಿಸಿದ. ಅರ್ಧಚಂದ್ರ ಬಿತ್ತು.

ಹುಲುಗಪ್ಪ ಕಲ್ಲನ್ನು ಎರಡು ಸಲ ತಿರುಗಿಸಿ ನೋಡಿದ. "ನೀರು ಇಳಿದ ಮೇಲೆ ಬಿತ್ತು ನೋಡಿ," ಎಂದ. ಆಮೇಲೆ ಏನನ್ನಿಸಿತೋ, ತಾನೇ ಜೋಳಿಗೆ ತಂದು ಗವಿಯಪ್ಪನ ಹೆಗಲಿಗೆ ಹಾಕಿದ. ಅದು ಸಣ್ಣೀರಪ್ಪನ ಜೊತೆ ಸಿಕ್ಕಿದ್ದ ಜೋಳಿಗೆ. ಒಗೆದು ಒಣಗಿಸಿದ್ದರು.

"ಬರ್ತೀನಿ ಅಜ್ಜಾರೆ."

"ಬಾ."

ಗವಿಯಪ್ಪ ಹೊಳೆಗೆ ಇಳಿದ. ಬಂಡೆಯ ಬಲಕ್ಕೆ ಹೋದ. ಸುಳಿ ಇದ್ದ ಜಾಗದಲ್ಲಿ ನಿಂತ. ಸಣ್ಣ ಮೀನುಗಳು ಬಂದು ಕಾಲ ಬೆರಳು ಕಚ್ಚಿದವು. ಬಹಳ ಹೊತ್ತು ನಿಂತು, ಆಮೇಲೆ ಆಚೆ ದಂಡೆ ಹತ್ತಿದ.

ಹನ್ನೆರಡು ಮನೆಯ ಮುಂದೆ ನಿಂತ. ಒಂದು ಮನೆಯಲ್ಲಿ ಮುದುಕಿಯೊಬ್ಬಳು, "ಮೊದಲು ಬರ್ತಿದ್ದನಲ್ಲ ನಗಿಸೋನು, ಎಲ್ಲಪ್ಪ ಅವನು?" ಎಂದು ಕೇಳಿದಳು. ಗವಿಯಪ್ಪ ಜೋಳಿಗೆ ಚಾಚಿದ. ಅವಳು ಎರಡು ಬೊಗಸೆ ಹಿಟ್ಟು ಹಾಕಿದಳು. "ಅವನಿಗೊಂದು, ನಿನಗೊಂದು," ಎಂದಳು.

ಹೊತ್ತು ನೆತ್ತಿಗೇರುವ ಮೊದಲೇ ಅವನು ತಿರುಗಿ ಬಂದ. ಅಜ್ಜಯ್ಯ ಜಗಲಿಯಲ್ಲೇ ಇದ್ದರು. ಗವಿಯಪ್ಪ ಜೋಳಿಗೆ ಇಳಿಸಿದ. ಕಾಲು ಮುಟ್ಟಲು ಬಗ್ಗಿದವನು ಏಳಲಿಲ್ಲ. ಅವನ ಧೋತರದ ಅಂಚು ಒಣಗಿಯೇ ಇತ್ತು.

"ಅಜ್ಜಾರೆ," ಎಂದ, "ನೀರು ಮೊಣಕಾಲಿಗೂ ಬರಲಿಲ್ಲ."

"ಗೊತ್ತು," ಎಂದರು ಅಜ್ಜಯ್ಯ. "ಹಿಟ್ಟು ಮೇಲೆ ಎತ್ತಿಡು. ಇರುವೆ ಬರ್ತವೆ."